ವೈಟ್ನರ್ ಹಚ್ಚಿದ ಕೇಸ್ ಶೀಟ್

ಧಾರವಾಡದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಆಸ್ಪತ್ರೆ ವಿರುದ್ಧದ ದೂರು ಕೈಗೆ ಬಂದರೆ ನಾನು ಮೊದಲು ತೆಗೆಯುವುದು ನರ್ಸಿಂಗ್ ಚಾರ್ಟ್. ಡಾಕ್ಟರ ಉತ್ತರವನ್ನು ವಕೀಲರು ಬರೆದಿರುತ್ತಾರೆ, ನಾನೂ ಅದೇ ಕೆಲಸದವನು. ಚಾರ್ಟು ಹಾಗಲ್ಲ.

ಆಪರೇಷನ್ ಆದ ರಾತ್ರಿ ಅಂದುಕೊಳ್ಳಿ. ಹತ್ತಕ್ಕೆ ಬಿಪಿ 120/80, ಹನ್ನೆರಡಕ್ಕೆ 120/80, ಎರಡಕ್ಕೂ ಅಷ್ಟೇ. ಒಂದೇ ಪೆನ್ನು, ಒಂದೇ ಉಸಿರಿನ ಬರಹ. ಡ್ಯೂಟಿ ಬದಲಾಗುವಾಗ ಕೂತು ತುಂಬಿದ್ದು ಅಂತ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಚಿಕಿತ್ಸೆ ಸರಿಯಾಗಿಯೇ ನಡೆದಿರಬಹುದು. ಆದರೆ ಆ ಒಂದು ಹಾಳೆಯಿಂದ ಇಡೀ ಫೈಲಿನ ಮೇಲಿನ ನಂಬಿಕೆ ಹೋಗುತ್ತದೆ.

ಅದಕ್ಕೇ ಹೇಳುವುದು, ಸಮಯ ಬರೆಯಿರಿ. ರೌಂಡ್ಸಿಗೆ ಬಂದದ್ದು, ಫೋನಿನಲ್ಲಿ ಸೂಚನೆ ಕೊಟ್ಟದ್ದು, ಇಂಜೆಕ್ಷನ್ ಹಾಕಿದ್ದು, ಎಲ್ಲಕ್ಕೂ ಅದರದರ ವೇಳೆ ಇರಲಿ. ತಪ್ಪಾದರೆ ಒಂದೇ ಗೆರೆ ಎಳೆದು, ಹಳೆಯ ಅಕ್ಷರ ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸಹಿ, ತಾರೀಖು ಹಾಕಿ. ಮರೆತದ್ದು ಆಮೇಲೆ ನೆನಪಾದರೆ ‘ತಡವಾಗಿ ಬರೆದದ್ದು’ ಅಂತಲೇ ಬರೆಯಿರಿ. ದೂರು ಬಂದ ಮೇಲೆ ತಿದ್ದಲು ಮಾತ್ರ ಹೋಗಬೇಡಿ. ಹಳೆಯ ಝೆರಾಕ್ಸ್ ಎದುರಿನವರ ಕೈಯಲ್ಲಿರುವುದು ಜಾಸ್ತಿ.

ಒಪ್ಪಿಗೆ ಪತ್ರದ್ದು ಇನ್ನೊಂದು ಗೋಳು. ಅಡ್ಮಿಟ್ ಆಗುವಾಗಲೇ ಖಾಲಿ ಇಂಗ್ಲಿಷ್ ಫಾರ್ಮಿಗೆ ನವಲಗುಂದದ ರೈತನ ಸಹಿ! ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ನಡೆಯುವುದಿಲ್ಲ, ತುರ್ತು ಇಲ್ಲದಿದ್ದರೆ ರೋಗಿಯನ್ನೇ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆ ಕೇಸಿನಲ್ಲಿ ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದಿದ್ದರು. ಅದು ನಿಲ್ಲಲಿಲ್ಲ.

ನಮ್ಮ ಕಡೆ ಜಾಸ್ತಿ ಕಾಡುವುದು ರೆಫರಲ್. ಗದಗಿನಲ್ಲೋ ಹಾವೇರಿಯಲ್ಲೋ ನಡುರಾತ್ರಿ ‘ಹುಬ್ಬಳ್ಳಿಗೆ ಒಯ್ರಿ’ ಅಂದುಬಿಡುತ್ತಾರೆ, ಕೇಸ್ ಶೀಟಿನಲ್ಲಿ ಒಂದು ಸಾಲೂ ಇರುವುದಿಲ್ಲ. ಹೊರಡುವಾಗ ನಾಡಿ, ಬಿಪಿ ಎಷ್ಟಿತ್ತು, ಯಾಕೆ ಕಳಿಸಿದಿರಿ, ಏನು ಕೊಟ್ಟಿದ್ದಿರಿ, ಆಂಬುಲೆನ್ಸಿನಲ್ಲಿ ಆಕ್ಸಿಜನ್ ಇತ್ತಾ ಎಲ್ಲ ಬರೆದು ಒಂದು ಪ್ರತಿ ಇಟ್ಟುಕೊಳ್ಳಿ. ಮನೆಯವರು ಒಯ್ಯಲು ಒಪ್ಪದಿದ್ದರೆ ಅದನ್ನೂ ಕನ್ನಡದಲ್ಲೇ ಬರೆದು ಸಹಿ ಮಾಡಿಸಿ.

ರೋಗಿ ದಾಖಲೆ ಕೇಳಿದರೆ ಸುಮ್ನೆ ಅಲೆದಾಡಿಸಬೇಡಿ. 2002ರ ವೈದ್ಯಕೀಯ ಮಂಡಳಿ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಗ್ರಾಹಕ ದೂರಿಗೆ ಇರುವ ಗಡುವು 2 ವರ್ಷ, ಆದರೆ ಸರಿಯಾದ ಕಾರಣವಿದ್ದರೆ ತಡವಾದದ್ದನ್ನೂ ಆಯೋಗ ತೆಗೆದುಕೊಳ್ಳುತ್ತದೆ. ನೋಟಿಸ್ ಬಂದ ಫೈಲಿಗೆ ಈ ವರ್ಷಗಳ ಲೆಕ್ಕ ಬೇಡ. ಮೇಲ್ಮನವಿ ಮುಗಿಯುವ ತನಕ ಬೀಗದಲ್ಲಿಡಿ.