ಟೋಪಿಯನ್ನು ಮುಟ್ಟದೆ ತೆಗೆಯುವ ಚಿತ್ರ

ಕ್ಯಾಮೆರಾ ಎತ್ತಿದ ಕೂಡಲೇ ಕೆಲವು ಹಿರಿಯರು ತಲೆಯ ಮೇಲಿನ ಟೋಪಿಯನ್ನು ತೆಗೆದುಬಿಡುತ್ತಾರೆ. ಎದುರಿಗಿರುವವರಿಗೆ ಗೌರವ ತೋರಬೇಕಾದಾಗ ಟೋಪಿ ಕೈಗೆ ಬರಬೇಕೆಂದು ಕಲಿತು ಬೆಳೆದವರು ಅವರು. ಗುರುತಿನ ಚೀಟಿಗೆ ಫೋಟೊ ತೆಗೆಸಿಕೊಂಡಾಗಲೆಲ್ಲ ಅದನ್ನೇ ಇನ್ನೊಬ್ಬರು ಹೇಳಿದ್ದನ್ನೂ ಕೇಳಿದವರು. ಅಪರಿಚಿತರ ಭಾವಚಿತ್ರಗಳನ್ನು ತೆಗೆಯಲು ಆರಂಭಿಸಿದ ಮೊದಲ ವರ್ಷಗಳಲ್ಲಿ ನಾನು ಹೀಗೆ ಹತ್ತಾರು ಚಿತ್ರಗಳನ್ನು ಕಳೆದುಕೊಂಡಿದ್ದೇನೆ. ದೂರದಿಂದ ನನ್ನನ್ನು ಸೆಳೆದದ್ದು ಟೋಪಿ, ಹತ್ತಿರ ಹೋಗಿ ನಾನು ಕೇಳಿದ್ದು 'ನಿಮ್ಮದೊಂದು ಫೋಟೊ ತೆಗೆಯಬಹುದೇ?' ಎಂದು. ಅವರು ಸಂತೋಷದಿಂದ ಒಪ್ಪಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಯ ಮೇಲೆ ಅದು ಒತ್ತಿದ ಗೆರೆಯೊಂದಿಗೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಮತ್ತೆ ಹಾಕಿಕೊಳ್ಳಿ ಎಂದು ಕೇಳಿಕೊಂಡರೆ ಹಾಕಿಕೊಳ್ಳುತ್ತಿದ್ದರು, ಆದರೆ ಮೊದಲಿದ್ದ ವಾಲಿಕೆ ಮತ್ತೆ ಬರುತ್ತಿರಲಿಲ್ಲ.

ತಪ್ಪಿದ್ದದ್ದು ನನ್ನ ಪ್ರಶ್ನೆಯಲ್ಲಿ. ಈಗ ನಾನು ಮೊದಲು ಟೋಪಿಯ ಬಗ್ಗೆಯೇ ಮಾತು ತೆಗೆಯುತ್ತೇನೆ, ಬಳಿಕ 'ಅದು ಈಗ ಹೇಗಿದೆಯೋ ಹಾಗೆಯೇ ಇರಲಿ, ನಿಮ್ಮ ಫೋಟೊ ತೆಗೆಯಲೇ?' ಎಂದು ಕೇಳುತ್ತೇನೆ. ಮುಖ ಹುಟ್ಟಿನೊಂದಿಗೆ ಬಂದದ್ದು. ಟೋಪಿಯನ್ನು ಆ ದಿನ ಬೆಳಿಗ್ಗೆ ಆ ವ್ಯಕ್ತಿಯೇ ಆರಿಸಿ, ಕನ್ನಡಿಯ ಮುಂದೆಯೋ ಅಭ್ಯಾಸಬಲದಿಂದಲೋ ಒಂದು ಕೋನಕ್ಕೆ ಕೂರಿಸಿಕೊಂಡಿರುತ್ತಾರೆ. ಗುರುತಿಲ್ಲದವರೊಬ್ಬರು ಬಂದು ತಮ್ಮ ಮುಖದ ಬಗ್ಗೆ ಮಾತಾಡಿದರೆ ಯಾರಿಗಾದರೂ ಮುಜುಗರವಾಗುತ್ತದೆ, ಟೋಪಿಯ ಬಗ್ಗೆ ಮಾತಾಡಿದರೆ ತಮ್ಮ ಆಯ್ಕೆಯನ್ನು ಯಾರೋ ಗಮನಿಸಿದರೆಂಬ ಸಮಾಧಾನವಾಗುತ್ತದೆ. ಆಯ್ಕೆ ಅವರದ್ದಾದ ಮೇಲೆ ಆ ಕೋನವನ್ನು ತಿದ್ದುವ ಅಧಿಕಾರ ನನಗಿಲ್ಲ. ಬೆಳಕು ಸರಿಬೀಳದಿದ್ದರೆ ಜಾಗ ಬದಲಿಸಬೇಕಾದವನು ನಾನು. ಈ ಒಂದು ಕಟ್ಟುಪಾಡನ್ನು ಒಪ್ಪಿಕೊಂಡರೆ ತಾಂತ್ರಿಕ ನಿರ್ಧಾರಗಳ ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ಅಂಚುಳ್ಳ ಟೋಪಿ ಒಡ್ಡುವ ಮೊದಲ ತೊಡಕು ನೆರಳು, ಮತ್ತು ಅದನ್ನು ಸರಳ ಲೆಕ್ಕದಿಂದ ಮೊದಲೇ ಊಹಿಸಬಹುದು. ಟೋಪಿಯ ಅಂಚು ಹಣೆಯಿಂದ 7 ಸೆಂ.ಮೀ. ಮುಂದಕ್ಕೆ ಚಾಚಿದೆ, ವ್ಯಕ್ತಿ ಸೂರ್ಯನಿಗೆ ಮುಖ ಮಾಡಿ ನಿಂತಿದ್ದಾರೆ ಎಂದುಕೊಳ್ಳಿ. ಸೂರ್ಯ ದಿಗಂತದಿಂದ 30 ಡಿಗ್ರಿ ಮೇಲಿರುವಾಗ ನೆರಳು ಅಂಚಿನ ಮಟ್ಟದಿಂದ ಸುಮಾರು 4 ಸೆಂ.ಮೀ. ಕೆಳಗಿಳಿದು ಹುಬ್ಬಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಆದ್ದರಿಂದ ಕಣ್ಣಿನಲ್ಲಿ ಬೆಳಕಿರುತ್ತದೆ. 45 ಡಿಗ್ರಿಗೆ ನೆರಳು 7 ಸೆಂ.ಮೀ. ಇಳಿಯುತ್ತದೆ, ಕಣ್ಣು ಮುಳುಗುತ್ತದೆ. 60 ಡಿಗ್ರಿಗೆ ಅದು 12 ಸೆಂ.ಮೀ. ಆಗಿ ಮೂಗನ್ನು ದಾಟಿ ತುಟಿಯ ಕಡೆಗೆ ಬಂದಿರುತ್ತದೆ. ಅಗಲ ಅಂಚಿನ ಟೋಪಿಯವರನ್ನು ನೇರ ಬಿಸಿಲಿನಲ್ಲಿ ತೆಗೆಯುವುದಾದರೆ ದಿನದ ಮೊದಲ ಹಾಗೂ ಕೊನೆಯ ಗಂಟೆಗಳಷ್ಟೇ ನಮ್ಮವು ಎಂದು ಅನುಭವಿಗಳು ಹೇಳುವುದರ ಹಿಂದಿರುವುದು ಇಷ್ಟೇ ಲೆಕ್ಕ.

ಮಿಕ್ಕ ಹೊತ್ತಿನಲ್ಲಿ ಹೊಸಬರು ಮಾಡುವುದು 'ಟೋಪಿ ಸ್ವಲ್ಪ ಹಿಂದಕ್ಕೆ ಸರಿಸಿ' ಎಂದು ಕೇಳುವುದು. ಸರಿಸಿದರೆ ಹಣೆಯ ಮೇಲೆ ಬೆಳಕು ಬೀಳುತ್ತದೆ ನಿಜ, ಆದರೆ ಅಲ್ಲಿ ನಿಂತಿರುವವರು ಬೇರೆಯೇ ಒಬ್ಬ ವ್ಯಕ್ತಿಯಾಗಿಬಿಡುತ್ತಾರೆ. ಹುಬ್ಬಿನವರೆಗೆ ಎಳೆದ ಟೋಪಿಗೂ ನೆತ್ತಿಯ ಹಿಂಭಾಗಕ್ಕೆ ಜಾರಿದ ಟೋಪಿಗೂ ಗಂಭೀರತೆಗೂ ತಮಾಷೆಗೂ ಇರುವಷ್ಟು ದೂರವಿದೆ. ನಾನು ಮಾಡುವುದು ಬೇರೆ. ಅವರ ಬೆನ್ನಿಗೆ ಸೂರ್ಯ ಬರುವಂತೆ ಸುತ್ತುಹಾಕಿ ನಿಂತರೆ ಮುಖಕ್ಕೆ ಎದುರಿನ ಆಕಾಶದ ಮೃದು ಬೆಳಕು ಸಿಗುತ್ತದೆ, ಟೋಪಿಯ ಅಂಚಿಗೆ ಹಿಂದಿನಿಂದ ಬೆಳಕಿನ ಗೆರೆ ಕೂಡುತ್ತದೆ. ಅವರು ನಿಂತಿರುವ ನೆಲ ತಿಳಿಬಣ್ಣದ್ದಾಗಿದ್ದು ಅದರ ಮೇಲೆ ಬಿಸಿಲು ಬಿದ್ದಿದ್ದರೆ ಆ ಬೆಳಕು ಕೆಳಗಿನಿಂದ ಪುಟಿದು ಅಂಚಿನ ಒಳಗನ್ನು ತುಂಬುತ್ತದೆ. ಇದಕ್ಕಿಂತ ಒಳ್ಳೆಯ ರಿಫ್ಲೆಕ್ಟರ್ ಅನ್ನು ಯಾರೂ ಹೊತ್ತು ತಿರುಗಲಾರರು. ಕೆಂಪು ಗೋಡೆಯ ಪಕ್ಕ ಕೆನ್ನೆ ಕೆಂಪಾಗುತ್ತದೆ, ಹಸಿರು ಬಟ್ಟೆಯ ಒಳಪದರವಿರುವ ಅಂಚಿನ ಕೆಳಗೆ ಹಣೆಗೆ ಹಸಿರಿನ ಛಾಯೆ ಬರುತ್ತದೆ ಎಂಬುದನ್ನಂತೂ ನೆನಪಿಡಬೇಕು. ಸಡಿಲ ನೇಯ್ಗೆಯ ಹುಲ್ಲಿನ ಟೋಪಿ ಕೆನ್ನೆಯ ಮೇಲೆ ಚುಕ್ಕಿಚುಕ್ಕಿಯಾಗಿ ಬಿಸಿಲನ್ನು ಚೆಲ್ಲಿದರೆ ಅದನ್ನು ದೋಷವೆಂದು ಓಡಿಸಬೇಡಿ, ಚುಕ್ಕಿಗಳಲ್ಲೊಂದು ಕಣ್ಣಿನ ಮೇಲೆ ಬೀಳುವವರೆಗೆ ಕಾಯಿರಿ. ಫ್ಲ್ಯಾಶ್ ಅನ್ನು ಅಪರಿಚಿತರ ಮುಂದೆ ನಾನು ಬಳಸುವುದೇ ಕಡಿಮೆ. ಬಳಸಲೇಬೇಕಾದರೆ ಅದರ ಶಕ್ತಿಯನ್ನು ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು ಇಲ್ಲವೇ ಇಮ್ಮಡಿಯಾಗುವುದು) ತಗ್ಗಿಸಿ, ಕಣ್ಣಿನಲ್ಲೊಂದು ಮಿಂಚು ಕಾಣುವಷ್ಟಕ್ಕೆ ನಿಲ್ಲಿಸುತ್ತೇನೆ.

ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕೆಂಬ ವಿಷಯದಲ್ಲಿ ಕ್ಯಾಮೆರಾದ ಬೆಳಕಳೆಯುವ ಮೀಟರ್ ಟೋಪಿಗೆ ಮೋಸಹೋಗುತ್ತದೆ. ಎದುರಿಗಿರುವುದೆಲ್ಲ ಸುಮಾರು 18 ಶೇಕಡಾ ಬೆಳಕನ್ನು ಹಿಂದಿರುಗಿಸುವ ನಡುಬೂದು ಬಣ್ಣದ್ದೆಂಬ ನಂಬಿಕೆಯ ಮೇಲೆ ಅದರ ಲೆಕ್ಕ ನಿಂತಿದೆ. ಚೌಕಟ್ಟನ್ನು ಬಿಳಿ ಟೋಪಿ ತುಂಬಿದ್ದರೆ ಅದು ಚಿತ್ರವನ್ನು ಕಪ್ಪಾಗಿಸುತ್ತದೆ, ಕಪ್ಪು ಫೆಲ್ಟ್ ಟೋಪಿ ತುಂಬಿದ್ದರೆ ಮುಖವನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಮೊದಲನೆಯದಕ್ಕೆ ಒಂದು ಸ್ಟಾಪ್ ಹೆಚ್ಚಿಸುವುದು, ಎರಡನೆಯದಕ್ಕೆ ಒಂದು ಸ್ಟಾಪ್ ಇಳಿಸುವುದು ಹಳೆಯ ರೂಢಿ. ಇಂದಿನ ಕ್ಯಾಮೆರಾಗಳು ಮುಖವನ್ನು ಗುರುತಿಸಿ ಅಳೆಯುವುದರಿಂದ ಅಷ್ಟು ಬೇಕಾಗದಿರಬಹುದು. ಆದರೆ ಬಿಸಿಲು ಬಿದ್ದ ಬಿಳಿ ಟೋಪಿಗೂ ಅದರ ಅಡಿಯ ಕಣ್ಣಿಗೂ ಮೂರು ಸ್ಟಾಪ್‌ಗಿಂತ ಹೆಚ್ಚಿನ ಅಂತರ ಸುಲಭವಾಗಿ ಬರುತ್ತದೆ. ಆಗ ಟೋಪಿಯ ನೇಯ್ಗೆ ಸುಟ್ಟುಹೋಗದಂತೆ ಅಳೆದು, ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲ್‌ನಲ್ಲಿ ಮುಖವನ್ನು ಆಮೇಲೆ ಮೇಲೆತ್ತುವುದು ನನ್ನ ಪದ್ಧತಿ, ಏಕೆಂದರೆ ಡಿಜಿಟಲ್ ಸೆನ್ಸರ್‌ನಲ್ಲಿ ಒಮ್ಮೆ ಬೆಳ್ಳಗಾಗಿ ಅಳಿಸಿಹೋದ ಹುಲ್ಲಿನ ಎಳೆಗಳನ್ನು ಯಾವ ತಂತ್ರಾಂಶವೂ ಮರಳಿ ತರಲಾರದು.

ಫೋಕಸ್‌ನಲ್ಲಿ ಇದಕ್ಕಿಂತ ಹೆಚ್ಚಿನ ಅಪಾಯವಿದೆ, ಅದು ಪರದೆಯ ಮೇಲೆ ಕಾಣದೆ ಮನೆಗೆ ಬಂದ ಮೇಲಷ್ಟೇ ಕಾಣುತ್ತದೆ. ಹಳೆಯ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸ್ ಇಟ್ಟು, ಲೆನ್ಸಿನ ಕಿಂಡಿಯನ್ನು ಅಗಲವಾಗಿ ತೆರೆಯುವ ಎಫ್ 1.8 ಅಪರ್ಚರ್‌ನಲ್ಲಿ, ಒಂದೂವರೆ ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಮೂರೂವರೆ ಸೆಂ.ಮೀ. ಮೀರುವುದಿಲ್ಲ. ಏಳು ಸೆಂ.ಮೀ. ಮುಂದಿರುವ ಅಂಚನ್ನು ಕ್ಯಾಮೆರಾ ಹಿಡಿದುಕೊಂಡಿತೆಂದರೆ ಕಣ್ಣು ಮಂಜಾದಂತೆಯೇ. ನೆರಳಿನಲ್ಲಿರುವ ಕಣ್ಣನ್ನು ಹುಡುಕುವ ಸ್ವಯಂಚಾಲಿತ ವ್ಯವಸ್ಥೆ ಬೆಳಕಿನಲ್ಲಿ ಗರಿಗರಿಯಾಗಿ ಕಾಣುವ ಅಂಚಿನ ಕಡೆಗೆ ವಾಲುವುದೂ ಸಹಜ. ಆ ಕಿಂಡಿಯನ್ನು ಎಫ್ 5.6ಕ್ಕೆ ಕಿರಿದಾಗಿಸಿದರೆ ಅದೇ ದೂರದಲ್ಲಿ ಸುಮಾರು 10 ಸೆಂ.ಮೀ. ಆಳ ಸಿಗುತ್ತದೆ, ಕಣ್ಣು ಖಚಿತವಾಗಿ ಮೂಡಿ, ಅಂಚಿನ ತುದಿ ಕೊಂಚ ಮೃದುವಾದರೂ ಅದು ಟೋಪಿಯೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಹಿನ್ನೆಲೆಯನ್ನು ಪೂರ್ತಿ ಕರಗಿಸುವ ಹುಚ್ಚು ಈ ಬಗೆಯ ಚಿತ್ರಗಳಿಗೆ ಒಗ್ಗುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ದೂರ ಕಡಿಮೆಯಾದಷ್ಟೂ ಟೋಪಿ ಬೆಳೆಯುತ್ತದೆ. ಮುಖದಿಂದ 60 ಸೆಂ.ಮೀ. ದೂರದಲ್ಲಿ ವೈಡ್ ಲೆನ್ಸ್ ಹಿಡಿದು ನಿಂತರೆ ಮುಂದಿನ ಅಂಚು ಮುಖಕ್ಕಿಂತ ಶೇಕಡಾ 13ರಷ್ಟು ಹಿಗ್ಗಿ ಕಾಣುತ್ತದೆ, ಎರಡು ಮೀಟರ್ ಹಿಂದೆ ಸರಿದರೆ ಆ ಹಿಗ್ಗುವಿಕೆ ಶೇಕಡಾ 4ರೊಳಗೆ ಬರುತ್ತದೆ. ಕ್ಯಾಮೆರಾದ ಎತ್ತರವೂ ಅಷ್ಟೇ ಮುಖ್ಯ. ಲೆನ್ಸ್ ಅಂಚಿನ ಮಟ್ಟಕ್ಕೇ ಇದ್ದರೆ ಅಂಚು ಹಣೆಗೆ ಅಡ್ಡಲಾಗಿ ಎಳೆದ ಬರಿಯ ಗೆರೆಯಾಗುತ್ತದೆ. ಒಂದು ಗೇಣು ಕೆಳಗಿಳಿಸಿದರೆ ಅದರ ಒಳಮೈಯೂ ಮುಖವೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಎತ್ತರದ ಛಾಯಾಗ್ರಾಹಕರು ಮಂಡಿ ಬಗ್ಗಿಸಲು ಸಂಕೋಚಪಡಬಾರದು.

ಇಷ್ಟೆಲ್ಲ ಹೇಳಿದ ಮೇಲೆ, ಕಣ್ಣು ಕಾಣಲೇಬೇಕೆಂಬ ಹಟವನ್ನು ಒಡೆಯುವ ಒಂದು ಚಿತ್ರವನ್ನೂ ನೆನೆಯಬೇಕು. 1933ರಲ್ಲಿ ಸ್ಟುಡಿಯೊ ಭಾವಚಿತ್ರಗಳಿಂದ ಜೀವನ ನಡೆಸುತ್ತಿದ್ದ ಡೊರೊಥಿಯಾ ಲ್ಯಾಂಗ್ ಸ್ಯಾನ್ ಫ್ರಾನ್ಸಿಸ್ಕೊದ ಬೀದಿಗಿಳಿದು, ಉಚಿತ ಆಹಾರಕ್ಕಾಗಿ ನಿಂತ ಜನರ ಸಾಲನ್ನು ತೆಗೆದರು. ಟೋಪಿ ಹಾಕಿದ ಗಂಡಸರ ಗುಂಪು ನಮಗೆ ಬೆನ್ನು ಮಾಡಿ ನಿಂತಿದೆ. ಒಬ್ಬರು ಮಾತ್ರ ಈ ಕಡೆಗೆ ತಿರುಗಿ, ಅಡ್ಡಗಂಬಿಗೆ ಕೈಯೂರಿ, ತೋಳುಗಳ ನಡುವೆ ತಗಡಿನ ಲೋಟವನ್ನಿಟ್ಟುಕೊಂಡಿದ್ದಾರೆ. ಅವರ ನಲುಗಿದ ಟೋಪಿಯ ಅಂಚು ಕಣ್ಣುಗಳನ್ನು ಮುಚ್ಚಿದೆ. ಆ ಅಂಚನ್ನು ಮೇಲೆತ್ತಿಸಿದ್ದರೆ ನಮಗೆ ಒಂದು ಮುಖ ಸಿಗುತ್ತಿತ್ತು, ಆದರೆ ಹಸಿದಿರುವಾಗ ಯಾರ ಕಣ್ಣಿಗೂ ಬೀಳಬಾರದೆಂಬ ಆ ಮನುಷ್ಯನ ಇಚ್ಛೆ ಚಿತ್ರದಿಂದ ಹೊರಟುಹೋಗುತ್ತಿತ್ತು. ಇನ್ನೊಂದು ಕಡೆ, 1907ರಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಯೂರೋಪಿಗೆ ಹೊರಟ ಹಡಗಿನ ಮೇಲಿಂದ ಅಗ್ಗದ ದರ್ಜೆಯ ಪ್ರಯಾಣಿಕರನ್ನು ತೆಗೆದ ಪ್ರಸಿದ್ಧ ಚಿತ್ರವಿದೆ. ಅದನ್ನು ತೆಗೆಯಲು ತನ್ನನ್ನು ಪ್ರೇರಿಸಿದ ಆಕಾರಗಳನ್ನು ನೆನೆಯುತ್ತ ಅವರು ಹೇಳಿಕೊಂಡವುಗಳಲ್ಲಿ ಯುವಕನೊಬ್ಬನ ದುಂಡನೆಯ ಹುಲ್ಲಿನ ಟೋಪಿಯೂ ಇತ್ತು. ಗುಂಪಿನಲ್ಲಿ ಕಣ್ಣು ಮೊದಲು ಹೋಗಿ ಕೂರುವುದು ಅಂಥ ಒಂದು ದುಂಡಗಿನ ಬಿಳುಪಿನ ಮೇಲೆಯೇ ಎಂಬುದನ್ನು ಬೀದಿಯಲ್ಲಿ ಕೆಲಸ ಮಾಡುವ ಎಲ್ಲರೂ ಬಲ್ಲರು.

ಕೇಳದೆ ತೆಗೆಯುವುದರ ಬಗ್ಗೆ ನನ್ನನ್ನು ಹೆಚ್ಚಾಗಿ ವಿಚಾರಿಸುತ್ತಾರೆ. ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕ್‌ನ ಸಬ್‌ವೇಯಲ್ಲಿ ಕೋಟಿನೊಳಗೆ ಕ್ಯಾಮೆರಾ ಅಡಗಿಸಿ, ಗುಂಡಿಗಳ ನಡುವಿನಿಂದ ಲೆನ್ಸ್ ಇಣುಕಿಸಿ, ಎದುರಿನ ಆಸನದ ಟೋಪಿಧಾರಿಗಳನ್ನು ತೆಗೆದರು. ಆ ಚಿತ್ರಗಳು ಪುಸ್ತಕವಾಗಿ ಬಂದದ್ದು 1966ರಲ್ಲಿ. ಸುಮಾರು ಕಾಲು ಶತಮಾನದ ಆ ಕಾಯುವಿಕೆಯನ್ನು ನಾನು ಚಿತ್ರಗಳಷ್ಟೇ ಮೆಚ್ಚುತ್ತೇನೆ. ಕಾನೂನು ಎಲ್ಲೆಡೆ ಒಂದೇ ಇಲ್ಲ. ಫಿಲಿಪ್-ಲೋರ್ಕಾ ಡಿಕೋರ್ಸಿಯಾ ಟೈಮ್ಸ್ ಸ್ಕ್ವೇರ್‌ನಲ್ಲಿ ದೂರದಿಂದ ತೆಗೆದ ಚಿತ್ರವೊಂದರಲ್ಲಿದ್ದ, ಕಪ್ಪು ಹ್ಯಾಟ್ ಧರಿಸಿದ್ದ ಯೆಹೂದಿ ವೃದ್ಧರು ಧಾರ್ಮಿಕ ನಂಬಿಕೆಯ ಆಧಾರದಲ್ಲಿ ಮೊಕದ್ದಮೆ ಹೂಡಿದಾಗ, ಅದು ಕಲಾಭಿವ್ಯಕ್ತಿಯೆಂದು ನ್ಯೂಯಾರ್ಕ್‌ನ ನ್ಯಾಯಾಲಯ 2006ರಲ್ಲಿ ದಾವೆಯನ್ನು ವಜಾ ಮಾಡಿತು. ಮಾಂಟ್ರಿಯಲ್‌ನಲ್ಲಿ ಕಟ್ಟಡವೊಂದರ ಮೆಟ್ಟಿಲ ಮೇಲೆ ಕುಳಿತಿದ್ದ 17ರ ಹುಡುಗಿಯ ಚಿತ್ರವನ್ನು ಆಕೆಯ ಒಪ್ಪಿಗೆಯಿಲ್ಲದೆ ಪತ್ರಿಕೆಯಲ್ಲಿ ಅಚ್ಚು ಹಾಕಿದ್ದಕ್ಕೆ ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ 2,000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ನೀವಿರುವಲ್ಲಿಯ ಕಾನೂನನ್ನು ತಿಳಿದುಕೊಳ್ಳಿ. ಕಾನೂನು ಬಿಟ್ಟುಕೊಟ್ಟ ಕಡೆಯಲ್ಲೂ, ತೆಗೆದ ಮೇಲೆ 'ಬೇಡ' ಎಂದವರ ಚಿತ್ರವನ್ನು ಅವರೆದುರೇ ಅಳಿಸುತ್ತೇನೆ. ಒಳಗೆ ಉಳಿಸಿಕೊಂಡು ಅಳಿಸಿದಂತೆ ನಟಿಸುವುದಕ್ಕೆ ನಮ್ಮ ಭಾಷೆಯಲ್ಲಿ 'ಟೋಪಿ ಹಾಕುವುದು' ಎಂಬ ಮಾತು ಸಿದ್ಧವಾಗಿಯೇ ಇದೆ.

ತಲೆಯ ಮೇಲಿರುವುದೆಲ್ಲ ಟೋಪಿಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಪೇಟ, ಹಿಜಾಬ್, ಯೆಹೂದಿಗಳು ನೆತ್ತಿಗಿಡುವ ಕಿಪ್ಪಾಗಳನ್ನು ಶ್ರದ್ಧೆಯಿಂದ ಧರಿಸಿದವರಿಗೆ ಅದನ್ನು 'ಉಡುಪಿನ ಸೊಗಸು' ಎಂಬಂತೆ ಹೊಗಳುವುದು ಹಿತವಾಗಲಾರದು. ಉಣ್ಣೆಯ ಟೋಪಿಯೊಂದು ಚಿಕಿತ್ಸೆಯಿಂದ ಕೂದಲು ಉದುರಿದ ತಲೆಯನ್ನು ಕಾಯುತ್ತಿರಬಹುದು. ಆದ್ದರಿಂದ 'ಏಕೆ ಹಾಕಿಕೊಂಡಿದ್ದೀರಿ?' ಎಂದು ನಾನೆಂದೂ ಕೇಳುವುದಿಲ್ಲ. 'ಇದಕ್ಕೆ ನೀವು ಏನೆನ್ನುತ್ತೀರಿ?' ಎಂದು ಕೇಳುತ್ತೇನೆ. ಹೇಳಬೇಕೆನಿಸಿದವರು ಮಿಕ್ಕದ್ದನ್ನೂ ಹೇಳುತ್ತಾರೆ.

ಆ ಪ್ರಶ್ನೆ ಚಿತ್ರದ ಅಡಿಬರಹಕ್ಕೂ ಬೇಕು. ಟೋಪಿಗಳ ಹೆಸರುಗಳು ನಂಬಿಕಸ್ಥವಲ್ಲ. ಪನಾಮಾ ಟೋಪಿ ಹುಟ್ಟಿದ್ದು ಎಕ್ವಡಾರ್‌ನಲ್ಲಿ. ಪನಾಮಾದ ಮೂಲಕ ಮಾರಾಟಕ್ಕೆ ಹೊರಟದ್ದರಿಂದ ಆ ಹೆಸರು ಅಂಟಿತು, ಅದರ ನೇಯ್ಗೆಯನ್ನು 2012ರಲ್ಲಿ ಯುನೆಸ್ಕೊ ಎಕ್ವಡಾರ್‌ನ ಪರಂಪರೆಯೆಂದೇ ಪಟ್ಟಿಮಾಡಿತು. 1849ರಲ್ಲಿ ಲಂಡನ್‌ನಲ್ಲಿ ಮೊದಲು ತಯಾರಾದ, ಗಟ್ಟಿ ದುಂಡು ನೆತ್ತಿಯ ಬೌಲರ್ ಟೋಪಿ ಅಟ್ಲಾಂಟಿಕ್ ದಾಟಿದ ಮೇಲೆ ಡರ್ಬಿಯಾಯಿತು. ಗಂಡಸರದ್ದೆಂದು ನಾವು ತಿಳಿದಿರುವ, ನೆತ್ತಿಯ ನಡುವೆ ತಗ್ಗಿರುವ ಫೆಡೋರಾ ಟೋಪಿಗೆ 1882ರಲ್ಲಿ ಪ್ಯಾರಿಸ್‌ನಲ್ಲಿ ರಂಗಕ್ಕೆ ಬಂದ ನಾಟಕವೊಂದರ ನಾಯಕಿಯ ಹೆಸರಿದೆ. ಹೀಗಿರುವಾಗ ಊಹಿಸಿ ಬರೆಯುವುದಕ್ಕಿಂತ, ಧರಿಸಿದವರು ಹೇಳಿದ ಹೆಸರನ್ನು ಕಿರುಪುಸ್ತಕದಲ್ಲಿ ಅಲ್ಲೇ ಬರೆದುಕೊಳ್ಳುವುದು ಕ್ಷೇಮ.

ಕೊನೆಯದಾಗಿ ಕ್ಯಾಮೆರಾದ ಪರದೆಯನ್ನು ಅವರ ಕಡೆಗೆ ತಿರುಗಿಸುತ್ತೇನೆ. ನೋಡಿದವರಲ್ಲಿ ಹೆಚ್ಚಿನವರ ಕೈ ತಾನಾಗಿಯೇ ಅಂಚಿಗೆ ಹೋಗಿ, ನನ್ನ ಕಣ್ಣಿಗೆ ಕಾಣದ ಯಾವುದೋ ಓರೆಯನ್ನು ಸರಿಪಡಿಸುತ್ತದೆ, ಬಳಿಕ 'ಇನ್ನೊಂದು ತೆಗೆಯಿರಿ' ಎಂಬ ಮಾತು ಬರುತ್ತದೆ. ಆ ಎರಡನೆಯ ಚಿತ್ರ ಸಾಮಾನ್ಯವಾಗಿ ಮೊದಲನೆಯದರಷ್ಟು ಚೆನ್ನಾಗಿರುವುದಿಲ್ಲ. ಟೋಪಿ ನೆಟ್ಟಗಾಗಿರುತ್ತದೆ, ಮುಖವೂ ನೆಟ್ಟಗಾಗಿರುತ್ತದೆ. ಅವರ ವಿಳಾಸಕ್ಕೆ ನಾನು ಕಳಿಸುವುದು ಎರಡನೆಯದನ್ನು.