ಪದ ಪರಿಚಯ: ಕಸ್ಟಮರ್ ಡಿಸ್ಕವರಿ

ಕಾಲೇಜುಗಳಲ್ಲಿ ನಡೆಯುವ ಬಿಸಿನೆಸ್ ಐಡಿಯಾ ಸ್ಪರ್ಧೆಗಳಲ್ಲಿ 'ಗ್ರಾಹಕರ ಹತ್ತಿರ ಮಾತಾಡಿದ್ದೀರಾ?' ಎಂದು ಕೇಳಿದರೆ, ಹೆಚ್ಚಿನ ತಂಡಗಳು ಒಂದು ಪೈ ಚಾರ್ಟ್ ತೋರಿಸುತ್ತವೆ. ವಾಟ್ಸಾಪ್ ಗ್ರೂಪಿಗೆ ಗೂಗಲ್ ಫಾರ್ಮ್ ಹಾಕಿ, ಕ್ಲಾಸ್‌ಮೇಟುಗಳೂ ಅವರ ಕಸಿನ್‌ಗಳೂ 'ಹೌದು, ಕೊಳ್ಳುತ್ತೇನೆ' ಎಂದು ಒತ್ತಿದ್ದರ ಫಲ ಅದು. ನೋಡೋಕೆ ಚೆಂದ. ಆದರೆ ಕಸ್ಟಮರ್ ಡಿಸ್ಕವರಿ ಅನ್ನೋದು ಬೇರೆಯೇ ಕೆಲಸ.

ಏನನ್ನಾದರೂ ತಯಾರಿಸುವ ಮುಂಚೆ, ಅದನ್ನು ಕೊಳ್ಳಬಹುದು ಎಂದು ನಾವು ಅಂದುಕೊಂಡವರ ಎದುರು ಹೋಗಿ ಕೂತು, ಅವರು ಈಗ ಆ ಕೆಲಸವನ್ನು ಹೇಗೆ ಮಾಡಿಕೊಳ್ಳುತ್ತಿದ್ದಾರೆ, ಅದರಲ್ಲಿ ದುಡ್ಡು ಎಲ್ಲಿ ಸೋರುತ್ತಿದೆ, ತಲೆಬಿಸಿ ಯಾರಿಗೆ ಎಂದು ತಿಳಿದುಕೊಳ್ಳುವುದೇ ಕಸ್ಟಮರ್ ಡಿಸ್ಕವರಿ. ಈ ಹೆಸರನ್ನು ಚಲಾವಣೆಗೆ ತಂದವರು ಅಮೆರಿಕದ ಉದ್ಯಮಿ ಸ್ಟೀವ್ ಬ್ಲಾಂಕ್. 2005ರಲ್ಲಿ ಅವರು ಹೊಸ ಕಂಪನಿ ಕಟ್ಟುವ ದಾರಿಯನ್ನು ನಾಲ್ಕು ಹಂತ ಮಾಡಿ ಬರೆದಾಗ ಇದನ್ನು ಮೊದಲ ಹಂತವಾಗಿಟ್ಟರು. ಕಟ್ಟಡದಿಂದ ಹೊರಗೆ ಹೋಗಿ, ಉತ್ತರ ಒಳಗಿಲ್ಲ ಎನ್ನುವುದು ಅವರ ವಾದ. 2011ರಲ್ಲಿ ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಇದನ್ನೇ ಪಾಠ ಮಾಡಿದರು. ಅದೇ ವರ್ಷ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ ಸಂಶೋಧಕರಿಗಾಗಿ ಐ-ಕಾರ್ಪ್ಸ್ ಎಂಬ ತರಬೇತಿ ಶುರು ಮಾಡಿತು. ಅಲ್ಲಿ ಪ್ರತಿ ತಂಡವೂ ಏಳು ವಾರಗಳಲ್ಲಿ 100 ಸಂದರ್ಶನ ಮಾಡಬೇಕು.

ಇದನ್ನು ಚಿಕ್ಕಮಗಳೂರಿಗೆ ತಂದು ನೋಡೋಣ. ಒಂದು ಇಂಜಿನಿಯರಿಂಗ್ ತಂಡಕ್ಕೆ ಐಡಿಯಾ ಬಂದಿದೆ ಅಂತಿಟ್ಟುಕೊಳ್ಳಿ: ಕಾಫಿ ಒಣಗಿಸುವ ಕಣದಲ್ಲಿ ಒಂದು ಸೆನ್ಸರ್, ಬೀಜ ಒಣಗಿದ ಕೂಡಲೇ ಮೊಬೈಲಿಗೆ ಮೆಸೇಜು. ಹುಡುಗರು ಆಲ್ದೂರು ಕಡೆಯ ಒಂದು ತೋಟಕ್ಕೆ ಹೋಗಿ 'ಸಾರ್, ಇಂಥದ್ದೊಂದು ಮಾಡಿದ್ರೆ ತಗೋತೀರಾ?' ಅನ್ನುತ್ತಾರೆ. ಮೊದಲು ಕಾಫಿ ಬರುತ್ತದೆ, ಜೊತೆಗೆ ಏನಾದರೂ ತಿಂಡಿ. ಆಮೇಲೆ, 'ಮಾಡ್ರಪ್ಪಾ, ಒಳ್ಳೇದು. ಈಗಿನ ಹುಡುಗ್ರು ಹಿಂಗೆ ಏನಾದ್ರೂ ಮಾಡ್ಬೇಕು.' ಹುಡುಗರು ಡೈರಿಯಲ್ಲಿ 'ಒಬ್ಬ ಗ್ರಾಹಕ ಸಿಕ್ಕ' ಎಂದು ಬರೆದುಕೊಳ್ಳುತ್ತಾರೆ. ಸಿಕ್ಕಿಲ್ಲ. ಬೆಳೆಗಾರರು ಸುಳ್ಳು ಹೇಳಿದರು ಅಂತಲ್ಲ, ಮನೆಗೆ ಬಂದ ಮಕ್ಕಳ ಮುಖ ಸಣ್ಣ ಮಾಡಬಾರದು ಅಂತ ಒಳ್ಳೆ ಮಾತಾಡಿ ಕಳಿಸಿದರು, ಅಷ್ಟೆ. ನನ್ನ ಪ್ರಕಾರ ಮಲೆನಾಡಿನಲ್ಲಿ ಈ ಕೆಲಸಕ್ಕೆ ಅತಿ ದೊಡ್ಡ ಅಡ್ಡಿ ನಮ್ಮ ದಾಕ್ಷಿಣ್ಯವೇ. ಅದರಲ್ಲೂ ಮೊದಲು ಹೋಗುವುದು ಗೆಳೆಯನ ಅಪ್ಪನ ತೋಟಕ್ಕೆ, ಇಲ್ಲವೇ ದೊಡ್ಡಪ್ಪನ ತೋಟಕ್ಕೆ. ಅಲ್ಲಿ 'ಬೇಡ' ಎನ್ನುವವರು ಯಾರು?

ಹಾಗಾಗಿ ಐಡಿಯಾದ ಬಗ್ಗೆ ಅಭಿಪ್ರಾಯ ಕೇಳಲೇಬಾರದು. ನಡೆದು ಹೋದದ್ದನ್ನು ಕೇಳಬೇಕು. 'ಹೋದ ಸಲ ಕಣದಲ್ಲಿ ಕಾಫಿ ಇದ್ದಾಗ ಮಳೆ ಬಂದಿದ್ದು ಯಾವಾಗ? ಅವತ್ತು ಏನು ಮಾಡಿದ್ರಿ?' 'ಒಣಗಿದೆ ಅಂತ ಯಾರು ಹೇಳ್ತಾರೆ, ಹೇಗೆ ಹೇಳ್ತಾರೆ?' 'ಕೊನೇ ಲೋಡು ಕೊಟ್ಟಾಗ ಮಾಯಿಶ್ಚರ್ ಎಷ್ಟು ಬಂತು ಅಂದ್ರು? ರೇಟಲ್ಲಿ ಎಷ್ಟು ಹಿಡಿದ್ರು?' ಇವುಗಳಿಗೆ ದಾಕ್ಷಿಣ್ಯದ ಉತ್ತರ ಇಲ್ಲ. ನೆನಪಿದ್ದರೆ ಹೇಳುತ್ತಾರೆ. ನೆನಪಿಲ್ಲದಿದ್ದರೆ ಅದೂ ಒಂದು ಉತ್ತರವೇ, ಅವರಿಗೆ ಅದು ಅಷ್ಟು ದೊಡ್ಡ ಸಮಸ್ಯೆ ಅಲ್ಲ ಅಂತ.

ಇಂಥ ಪ್ರಶ್ನೆಗಳಿಂದ ಏನು ಹೊರಬರಬಹುದು ನೋಡಿ. ಹಣ್ಣನ್ನೇ ಒಣಗಿಸಿದ ಚೆರ್ರಿಯಾದರೆ ತೋಟದ ರೈಟರ್, ಅಂದರೆ ಮಾಲೀಕರ ಪರವಾಗಿ ಕೆಲಸ-ಲೆಕ್ಕ ನೋಡಿಕೊಳ್ಳುವವರು, ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಗಲಗಲ ಅಂದರೆ ಆಯಿತು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಿ ತೆಗೆದ ಪಾರ್ಚ್‌ಮೆಂಟ್ ಆದರೆ ಒಂದು ಬೀಜ ಹಲ್ಲಿಗೆ ಕೊಟ್ಟು ಕಚ್ಚುತ್ತಾರೆ. ಒಳಗೆ ಬಿಳಿ ಕಾಣದೆ ಟಕ್ ಎಂದು ಸೀಳಿದರೆ ಮೂಟೆ ಕಟ್ಟಬಹುದು. ಅರ್ಧ ನಿಮಿಷದ ಕೆಲಸ, ಖರ್ಚು ಸೊನ್ನೆ. ತಂಡ ಪೈಪೋಟಿ ಕೊಡಬೇಕಾದ್ದು ರೈಟರ್‌ ಅವರ ಹಲ್ಲಿಗೆ! ಇದು ಲ್ಯಾಬಿನಲ್ಲಿ ಕೂತರೆ ಹೊಳೆಯುವ ಮಾತಲ್ಲ.

ಇನ್ನೂ ಸ್ವಲ್ಪ ಕೆದಕಿದರೆ ಬೇರೊಂದು ಎಳೆ ಸಿಗಬಹುದು. ಪಾರ್ಚ್‌ಮೆಂಟ್‌ನಲ್ಲಿ ತೇವಾಂಶ ಶೇ. 10ಕ್ಕೆ ಇಳಿಯಬೇಕು. ವ್ಯಾಪಾರಿ ತನ್ನ ಮೀಟರ್ ಇಟ್ಟು 'ಹನ್ನೆರಡು ಇದೆ' ಅಂದರೆ, ತಿರುಗಿಸಿ ಹೇಳಲು ಸಣ್ಣ ಬೆಳೆಗಾರನ ಕೈಯಲ್ಲಿ ತನ್ನದೇ ಒಂದು ನಂಬರ್ ಇರುವುದಿಲ್ಲ. ಆಗ ಬೇಕಾದ್ದು ಕಣದ ಸೆನ್ಸರ್‌ಗಿಂತ ಲೋಡು ಹತ್ತಿಸುವ ಮುಂಚೆ ನಂಬಬಹುದಾದ ಒಂದು ಅಳತೆ ಇರಬಹುದು. ಹೀಗೆ ಐಡಿಯಾ ಜರುಗಿದರೆ ಸಂದರ್ಶನ ಸರಿಯಾಗಿ ನಡೆದಿದೆ ಎಂದೇ ಅರ್ಥ. ಹಣ್ಣನ್ನು ಹಾಗೇ ಮಾರಿಬಿಡುವ ಬೆಳೆಗಾರರೂ ಇದ್ದಾರೆ. ಅವರಿಗೆ ಕಣದ ಚಿಂತೆಯೇ ಇಲ್ಲ, ಅವರನ್ನು ಗ್ರಾಹಕರ ಲೆಕ್ಕಕ್ಕೆ ಸೇರಿಸಬಾರದು.

ಯಾರನ್ನು ಕೇಳಬೇಕು ಅನ್ನುವುದೂ ಅಷ್ಟೇ ಮುಖ್ಯ. ಬಳಸುವವರು ರೈಟರ್, ದುಡ್ಡು ಕೊಡುವವರು ಮಾಲೀಕರು, ಅವರು ವಾರಕ್ಕೊಮ್ಮೆ ಬೆಂಗಳೂರಿನಿಂದ ಬಂದು ಹೋಗುವವರೂ ಆಗಿರಬಹುದು. ಮಾಲೀಕರ ಕಣ್ಣಿಗೆ ಈ ಯಂತ್ರ ಅನುಕೂಲ. ರೈಟರ್‌ಗೋ ತನ್ನ ಮೇಲೆ ಕಣ್ಣಿಡಲು ಬಂದ ಸಾಮಾನು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದರೆ ರೈಟರ್ ಬಾಯಿಯೇ ಬಿಡುವುದಿಲ್ಲ. ಬೇರೆ ಬೇರೆ ಕೇಳಿ.

ಪುಸ್ತಕದಲ್ಲಿ ಸಿಗುವುದನ್ನು ಕೇಳಿ ಅವರ ಹೊತ್ತು ಹಾಳು ಮಾಡಬೇಡಿ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ಒಣಗಿಸುವ ಕ್ರಮದ ಬಗ್ಗೆ ಕಾಫಿ ಮಂಡಳಿಯ ಮಾರ್ಗದರ್ಶನ ಇದೆ. ಅದನ್ನು ಓದಿಕೊಂಡೇ ಹೋಗಬೇಕು. ಇಬ್ಬರು ಹೋಗಿ, ಒಬ್ಬರು ಮಾತಾಡಲಿ, ಒಬ್ಬರು ಬರೆದುಕೊಳ್ಳಲಿ. ಬರೆಯುವಾಗ ಅವರ ಮಾತನ್ನೇ ಬರೆಯಿರಿ, ಪಿಪಿಟಿ ಭಾಷೆಗೆ ತಿರುಗಿಸಬೇಡಿ.

ಎಷ್ಟು ಜನ? ಕಾಲೇಜು ಪ್ರಾಜೆಕ್ಟಿಗೆ ನೂರರ ಹಟ ಬೇಡ. ಹೊಸದಾಗಿ ಏನೂ ಕಿವಿಗೆ ಬೀಳುತ್ತಿಲ್ಲ, ಮುಂದಿನವರು ಏನು ಹೇಳುತ್ತಾರೆ ಅಂತ ಮೊದಲೇ ಗೊತ್ತಾಗುತ್ತಿದೆ ಅನ್ನಿಸಿದಾಗ ಆ ಗುಂಪಿನವರನ್ನು ಕೇಳಿದ್ದು ಸಾಕು. ಆಗ ಐಡಿಯಾ ಹೊರತೆಗೆದು ಮೆಚ್ಚುಗೆಯ ಬದಲು ಏನಾದರೂ ಕೊಡಲು ಕೇಳಿ: 'ಈ ಕುಯ್ಲಿಗೆ ನಿಮ್ಮ ಕಣದ ಒಂದು ಮೂಲೆ ಬಿಟ್ಟುಕೊಡ್ತೀರಾ?' 'ಪಕ್ಕದ ತೋಟದವ್ರಿಗೆ ಈಗಲೇ ಒಂದು ಫೋನ್ ಮಾಡಿ ಹೇಳ್ತೀರಾ?' 'ಸ್ವಲ್ಪ ಅಡ್ವಾನ್ಸ್ ಕೊಡ್ತೀರಾ?' 'ನೋಡೋಣ' ಅಂದರೆ ಇಲ್ಲ ಅಂತಲೇ ಬರೆದುಕೊಳ್ಳಿ.

ಕಾಲವನ್ನೂ ನೋಡಬೇಕು. ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿವರೆಗೆ, ಅದರ ಬೆನ್ನಿಗೇ ಮಾರ್ಚ್‌ವರೆಗೆ ರೊಬಸ್ಟಾ. ಆಗ ಕೂತು ಮಾತಾಡುವ ಪುರುಸೊತ್ತು ಯಾರಿಗೂ ಇರದು. ಮಾತನ್ನು ಮಳೆಗಾಲಕ್ಕೆ ಇಟ್ಟುಕೊಂಡು, ಕುಯ್ಲಿನಲ್ಲಿ ಒಂದು ದಿನ ಸುಮ್ಮನೆ ಕಣದಲ್ಲಿ ನಿಲ್ಲಿ. ಮಂಜು ಬೀಳುವ ಮುಂಚೆ ಕಾಫಿ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚುವುದು, ಬೆಳಿಗ್ಗೆ ಮತ್ತೆ ಹರಡುವುದು ದಿನಾ ನಡೆಯುತ್ತದೆ. ಸಂದರ್ಶನದಲ್ಲಿ ಇದನ್ನು ಹೇಳಬೇಕು ಅಂತ ಯಾರಿಗೂ ತೋಚುವುದಿಲ್ಲ, ಆದರೆ ಕಣದಲ್ಲಿ ನೆಟ್ಟ ಸೆನ್ಸರ್ ದಿನಕ್ಕೆರಡು ಸಲ ಕಿತ್ತು ಬರುವುದು ಇದೇ ಕೆಲಸದಿಂದ.