ಯೂಸುಫರ ಬಾವಿ, ನೂಹರ ಮಗ: ಆಧುನಿಕ ಅರಬಿ ಕಾವ್ಯದ ಧಾರ್ಮಿಕ ಪಾತ್ರಗಳು

ಅರಬಿ ಕವಿತೆಯಲ್ಲಿ ಪ್ರವಾದಿಯ ಹೆಸರು ಕಂಡೊಡನೆ ಇದು ಯಾವುದರ ಸಂಕೇತ ಎಂದು ಹುಡುಕಲು ಹೋಗಬೇಡಿ. ಮೊದಲು ಕಥೆ ಯಾವ ಗ್ರಂಥದ್ದು ಎಂದು ಗುರುತಿಸಿ. ಆಮೇಲೆ ಕವಿ ಏನನ್ನು ಬದಲಿಸಿದ್ದಾರೆ, ಎಲ್ಲಿ ನಿಲ್ಲಿಸಿದ್ದಾರೆ ನೋಡಿ. ಅರ್ಥ ಹುಟ್ಟುವುದು ಅಲ್ಲಿ.

ಈಜಿಪ್ಟಿನ ಅಮಲ್ ದುನ್‌ಕುಲ್ 1976ರಲ್ಲಿ ಬರೆದ 'ನೂಹರ ಮಗನೊಡನೆ ವಿಶೇಷ ಸಂದರ್ಶನ'ವನ್ನೇ ತೆಗೆದುಕೊಳ್ಳಿ. ನೂಹರೇ ಬೈಬಲ್ಲಿನ ನೋಹ, ಆದರೆ ಇದಕ್ಕಾಗಿ ಅಲ್ಲಿನ ಕಥೆ ಓದಿದರೆ ದಾರಿ ತಪ್ಪುತ್ತೀರಿ. ಅಲ್ಲಿ ಪ್ರಳಯ ಬಂದಾಗ ಮೂವರು ಮಕ್ಕಳೂ ನಾವೆ ಹತ್ತುತ್ತಾರೆ. ಹತ್ತದೆ ಮುಳುಗುವ ಮಗ ಇರುವುದು ಕುರ್‌ಆನಿನಲ್ಲಿ (ಅಧ್ಯಾಯ 11, ವಚನ 42–43). ಬೆಟ್ಟ ಕಾಪಾಡುತ್ತದೆಂದು ನಂಬಿ ಕೆಟ್ಟವನು ಅವನು. ದುನ್‌ಕುಲ್ ಆ ತೀರ್ಪನ್ನೇ ತಿರುಗಿಸುತ್ತಾರೆ. ಅವರ ಕವಿತೆಯಲ್ಲಿ ನಾವೆಯತ್ತ ಓಡುವವರು ಹೇಡಿಗಳು. ಊರಿನ ಹುಡುಗರು ನೀರಿಗೆ ಕಲ್ಲಿನ ಒಡ್ಡು ಕಟ್ಟುತ್ತಾರೆ, ಮಗ ಅವರೊಂದಿಗೆ ಉಳಿಯುತ್ತಾನೆ. ಮೂಲ ಗೊತ್ತಿಲ್ಲದವರಿಗೆ ಈ ಕವಿತೆಯ ಎದೆಗಾರಿಕೆ ಕಾಣುವುದೇ ಇಲ್ಲ.

ಪ್ಯಾಲೆಸ್ಟೈನಿನ ಮಹಮೂದ್ ದರ್ವೀಶ್ 'ಅಪ್ಪಾ, ನಾನು ಯೂಸುಫ್' (1986) ಕವಿತೆಯಲ್ಲಿ ಕಥೆಯನ್ನು ತಿರುಗಿಸುವುದಿಲ್ಲ, ಕತ್ತರಿಸುತ್ತಾರೆ. ಯೂಸುಫ್ ಎಂದರೆ ಬೈಬಲ್ಲಿನ ಯೋಸೇಫ; ಅಣ್ಣಂದಿರು ಅವರನ್ನು ಬಾವಿಗೆ ತಳ್ಳಿ, ತೋಳ ತಿಂದಿತೆಂದು ತಂದೆಗೆ ಸುಳ್ಳು ಹೇಳುತ್ತಾರೆ. ತೋಳದ ಮೇಲೆ ಆರೋಪ ಹೊರಿಸಿದರು ಎಂಬ ಮಾತೇ ಮೂಲದ ಗುರುತು: ತೋಳ ಬರುವುದು ಕುರ್‌ಆನಿನಲ್ಲಿ, ಬೈಬಲ್ಲಿನ ಆದಿಕಾಂಡ ಯಾವ ಮೃಗವೆಂದು ಹೇಳುವುದಿಲ್ಲ. ಮೂಲದ ಯೂಸುಫ್ ಬಾವಿಯಿಂದ ಪಾರಾಗಿ, ಈಜಿಪ್ಟಿನಲ್ಲಿ ಅಧಿಕಾರ ಪಡೆದು, ಅಣ್ಣಂದಿರನ್ನು ಕ್ಷಮಿಸುತ್ತಾರೆ. ಕವಿತೆಯಲ್ಲಿ ಅದೊಂದೂ ಇಲ್ಲ. ಕಥೆಯ ಆರಂಭದಲ್ಲಿರುವ ಹನ್ನೊಂದು ನಕ್ಷತ್ರ, ಸೂರ್ಯ, ಚಂದ್ರರ ಕನಸು (12:4) ಇಲ್ಲಿ ಕೊನೆಗೆ ಬರುತ್ತದೆ, ಅದೂ ಪ್ರಶ್ನೆಯಾಗಿ: ಈ ಕನಸು ಹೇಳಿದ್ದರಿಂದ ನಾನು ಯಾರಿಗಾದರೂ ಅನ್ಯಾಯ ಮಾಡಿದೆನೇ? ಅಣ್ಣಂದಿರು ಅರಬ್ ದೇಶಗಳು, ಯೂಸುಫ್ ಪ್ಯಾಲೆಸ್ಟೈನ್ ಎಂಬ ಓದು ರೂಢಿಯಲ್ಲಿದೆ, ಒಪ್ಪುವಂಥದ್ದೇ. ಆದರೆ ಉತ್ತರಪತ್ರಿಕೆಯಲ್ಲಿ ಅಷ್ಟಕ್ಕೇ ನಿಲ್ಲಬೇಡಿ. ಕ್ಷಮೆಯ ಭಾಗ ಏಕಿಲ್ಲ ಎಂಬುದನ್ನೂ ಬರೆಯಿರಿ.

ಲೆಬನಾನಿನ ಖಲೀಲ್ ಹಾವಿಯವರ 'ಲಾಜರ 1962'ರಲ್ಲಿ ಶೀರ್ಷಿಕೆಯ ಇಸವಿಯೇ ಸುಳಿವು. ಅರಬ್ ಏಕತೆಯ ಕನಸು ಹೊತ್ತಿದ್ದ ಈಜಿಪ್ಟ್–ಸಿರಿಯಾ ಒಕ್ಕೂಟ ಮುರಿದದ್ದು 1961ರಲ್ಲಿ. ಯೋಹಾನನ ಸುವಾರ್ತೆಯ ಲಾಜರ ಸಾವಿನಿಂದ ಎದ್ದು ಬರುತ್ತಾನೆ. ಹಾವಿಯವರ ಲಾಜರ ಗೋರಿಯ ಗುಂಡಿಯನ್ನು ಇನ್ನೂ ಆಳ ತೋಡು ಎನ್ನುತ್ತಾನೆ.

ಹೆಚ್ಚು ಎಡವುವುದು ಇರಾಕಿನ ಬದ್ರ್ ಶಾಕಿರ್ ಅಸ್ಸಯ್ಯಾಬ್ (1926–1964) ಅವರಲ್ಲಿ. 'ಶಿಲುಬೆಯ ನಂತರ ಕ್ರಿಸ್ತ' ಓದಿ ಅವರ ಮತವನ್ನು ಊಹಿಸಬೇಡಿ. ಅವರು ಮುಸ್ಲಿಂ ಮನೆತನದವರು. ಕುರ್‌ಆನ್ ಶಿಲುಬೆಯ ಸಾವನ್ನು ಒಪ್ಪುವುದಿಲ್ಲ (4:157). ಈ ಕವಿತೆಯಲ್ಲಿ ಕ್ರಿಸ್ತನ ಸಾವು ಕವಿಯ ಹಳ್ಳಿ ಜೈಕೂರಿನ ಮಣ್ಣಿಗೆ ಹಸಿರು ತರುವ ಸಾವು. 'ಅಯ್ಯೂಬರ ಗ್ರಂಥ'ಕ್ಕೆ ಬಂದರೆ ಅಳತೆಯೇ ಬೇರೆ, ಅದನ್ನು ನಾಡಿನ ರೂಪಕವೆಂದು ಎಳೆಯಬೇಡಿ. ಕಾಯಿಲೆ ಬಿದ್ದ ಕವಿಯ ಸ್ವಂತ ಮೈನೋವು ಅದು. ಹೆಸರು ಬೈಬಲ್ಲಿನ ಯೋಬನ ಗ್ರಂಥವನ್ನು ನೆನಪಿಸುತ್ತದೆ. ಆದರೆ ಯೋಬನ ವಾದ, ಜಗಳ ಇಲ್ಲಿಲ್ಲ. ಬಾಧೆ ಎಷ್ಟೇ ಎಳೆದರೂ ಸ್ತುತಿ ನಿನಗೇ ಎಂದು ಶುರುವಾಗುವ ದನಿ ಕುರ್‌ಆನಿನ ಸಹನಶೀಲ ಅಯ್ಯೂಬರದು.